ನಕ್ಷತ್ರದ ಶೀಟಿಗೆ ತಕರಾರು

ಈ ಆಡಿಯೋ ಉದ್ದ ಆಗುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಬಟ್ಟೆ ಮಡಚುವುದೋ, ಪಾತ್ರೆ ತೊಳೆಯುವುದೋ, ಏನಾದರೂ ಕೆಲಸ ಇಟ್ಟುಕೊಂಡು ಕೇಳಿ. ಸ್ಪೀಡು ಮಾತ್ರ ಜಾಸ್ತಿ ಮಾಡಿಕೊಳ್ಳಬೇಡಿ. ನಮ್ಮ ಚಿಕ್ಕಮ್ಮನ ಮಾತೇ ಸ್ಪೀಡು, ಅದರ ಮೇಲೆ ನೀವೂ ಓಡಿಸಿದರೆ ಒಂದು ಅಕ್ಷರವೂ ಕಿವಿಗೆ ಬೀಳುವುದಿಲ್ಲ.

ಚಿಕ್ಕಮ್ಮ ಎಂದರೆ ಅಮ್ಮನ ಸ್ವಂತ ತಂಗಿ. ವೆಲ್ಡಿಂಗ್ ಅಂಗಡಿ ಇಟ್ಟಿದ್ದಾಳೆ. ಗಾಡಿ ರಿಪೇರಿಯವರ ಬೀದಿಯಲ್ಲಿ ಒಂದು ಪಂಕ್ಚರ್ ಅಂಗಡಿ, ಒಂದು ಬ್ಯಾಟರಿ ಅಂಗಡಿ, ಅವೆರಡರ ನಡುವೆ ಸಿಕ್ಕಿಹಾಕಿಕೊಂಡಂತೆ ಇವಳದು. ಶಟರ್ ಅರ್ಧಕ್ಕೆ ನಿಲ್ಲುತ್ತದೆ, ಎತ್ತರದವರು ತಲೆ ಬಗ್ಗಿಸಿಯೇ ಒಳಗೆ ಬರಬೇಕು. ಅದನ್ನು ಸರಿ ಮಾಡಿಸು ಎಂದರೆ "ಬರೋರು ಸ್ವಲ್ಪ ಬಗ್ಗಲಿ ಬಿಡು, ರೇಟು ಮಾತಾಡೋಕೆ ಅನುಕೂಲ" ಎನ್ನುತ್ತಾಳೆ. ಮೊದಲ ಸಲ ಬಂದವರು "ಅಂಗಡಿ ನಿಮ್ಮ ಯಜಮಾನ್ರದಾ?" ಎಂದು ಕೇಳುತ್ತಾರೆ. ಅದಕ್ಕೂ ಉತ್ತರ ನಾಲಿಗೆಯ ತುದಿಯಲ್ಲೇ ಇದೆ. "ಅವರು ಸ್ಕೂಲ್ ಬಸ್ ಓಡಿಸ್ತಾರೆ. ಹೋಗಿ ಅವರನ್ನ ಕೇಳಿ, ಬಸ್ಸು ನಿಮ್ಮ ಹೆಂಡ್ತೀದಾ ಅಂತ."

ಊರಿನ ಸರ್ಕಾರಿ ಆಫೀಸುಗಳಲ್ಲಿ ಅವಳಿಗೆ ಇನ್ನೊಂದು ಹೆಸರಿದೆ: ತಕರಾರು ಅಕ್ಕ. ಆ ಹೆಸರು ಪುಕ್ಕಟೆ ಬಂದದ್ದಲ್ಲ.

ಟೆಂಡರ್ ಎಂದರೆ ಗೊತ್ತಲ್ಲ? ನಮಗೆ ಇಂಥ ವಸ್ತು ಬೇಕು, ಹೀಗೆ ಹೀಗೆ ಇರಬೇಕು, ಯಾರು ಮಾಡಿಕೊಡುತ್ತೀರಿ ಎಂದು ಸರ್ಕಾರದವರು ಕೇಳುತ್ತಾರೆ. ಮಾಡುವವರೆಲ್ಲ ಲಕೋಟೆಯೊಳಗೆ ರೇಟು ಬರೆದು ಹಾಕುತ್ತಾರೆ. ಶರತ್ತಿಗೆ ಸರಿಹೋಗಬೇಕು, ರೇಟೂ ಕಡಿಮೆ ಇರಬೇಕು, ಅಂಥವರಿಗೆ ಕೆಲಸ. ಕೇಳಲು ಎಷ್ಟು ಚೆಂದ! ಆಟವೆಲ್ಲ ಇರುವುದು ಆ ಶರತ್ತಿನಲ್ಲಿ. ಒಮ್ಮೆ ಶಾಲೆಯ ಗೇಟಿಗೆ ಟೆಂಡರ್ ಕರೆದಾಗ, ಗೇಟು ಮಾಡುವವರ ಅಂಗಳದಲ್ಲಿ ಲಾರಿ ತಿರುಗಿಸುವಷ್ಟು ಜಾಗ ಇರಬೇಕು ಎಂದು ಬರೆದಿದ್ದರು. ಇಡೀ ಊರಿನಲ್ಲಿ ಅಂಥ ಅಂಗಳ ಇದ್ದದ್ದು ಒಬ್ಬರೇ ಒಬ್ಬರಿಗೆ. ಚಿಕ್ಕಮ್ಮ ನೇರ ಆಫೀಸಿಗೆ ನುಗ್ಗಿದಳು.

"ಸಾರ್, ಗೇಟು ನಾವು ತಳ್ಳುಗಾಡೀಲಿ ತಂದು ನಿಲ್ಲಿಸ್ತೀವಿ. ಮಧ್ಯದಲ್ಲಿ ಈ ಲಾರಿ ಎಲ್ಲಿಂದ ಬಂತು?"

"ರೂಲ್ಸ್ ಅಮ್ಮ ಅದು."

"ಒಬ್ಬರ ಅಳತೆಗೆ ಅಂಗಿ ಹೊಲಿಸಿಟ್ಟು, ಬನ್ನಿ, ಯಾರು ಬೇಕಾದ್ರೂ ಹಾಕ್ಕೊಳ್ಳಿ ಅಂತೀರಲ್ಲ, ನಿಮಗೇ ನಗು ಬರಲ್ವಾ?"

ಯಾರೂ ನಗಲಿಲ್ಲ. ಗೇಟು ದೊಡ್ಡ ಅಂಗಳದವರ ಪಾಲಾಯಿತು. ಆದರೆ ಅಂಗಿಯ ಮಾತು ಮಾತ್ರ ನಮ್ಮ ಬೀದಿಯ ವೆಲ್ಡರ್‌ಗಳ ಬಾಯಲ್ಲಿ ಉಳಿದುಕೊಂಡಿತು. ನೀರಿನ ಟ್ಯಾಂಕಿನ ಸ್ಟ್ಯಾಂಡು, ಪಾರ್ಕಿನ ಬೆಂಚು, ಬಸ್ ಸ್ಟಾಪಿನ ಚಪ್ಪರ, ಒಂದೊಂದರಲ್ಲೂ ಇಂಥದೇ ಒಂದು ಕೊಕ್ಕೆ. ಇವಳು ಹೋಗುವುದು, ಜಗಳ ಆಡುವುದು, ಸೋತು ಬಂದು ಸುತ್ತಿಗೆ ಎತ್ತಿಕೊಳ್ಳುವುದು. ಆ ದಿನ ಅಂಗಡಿಯ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲ.

ಹೀಗೆ ಸರ್ಕಾರಿ ಕೆಲಸ ಸಿಗುತ್ತಿಲ್ಲ, ಮನೆ ಕಟ್ಟುವವರು ಕಿಟಕಿ ಗ್ರಿಲ್ಲನ್ನು ಫ್ಯಾಕ್ಟರಿಯಿಂದ ರೆಡಿಮೇಡ್ ತರಿಸುತ್ತಿದ್ದಾರೆ. ಅಂಗಡಿಯಲ್ಲಿ ವಾರದಲ್ಲಿ ಅರ್ಧ ದಿನ ಕೆಲಸ, ಉಳಿದದ್ದು ಹರಟೆ. ಊರಾಚೆಯ ಗ್ರಿಲ್ ಕಂಪನಿಯವರು ಚಿಕ್ಕಮ್ಮನನ್ನು ಸೂಪರ್‌ವೈಸರ್ ಆಗಿ ಬನ್ನಿ ಎಂದು ಕರೆದಿದ್ದರು. ಕುರ್ಚಿ, ಫ್ಯಾನು, ತಿಂಗಳಾದರೆ ಸಂಬಳ. ಅವಳು ಎಲ್ಲರೆದುರು ಘೋಷಣೆ ಮಾಡಿಬಿಟ್ಟಳು. "ಆಸ್ಪತ್ರೆ ಟೆಂಡರ್ ಬರ್ತಿದೆ. ಅದು ಸಿಕ್ಕಿದ್ರೆ ಅಂಗಡಿ. ಸಿಗಲಿಲ್ಲ ಅಂದ್ರೆ ಶಟರ್ ಪೂರ್ತಿ ಎಳೆದು ಫ್ಯಾನ್ ಕೆಳಗೆ ಕೂತ್ಕೋತೀನಿ."

ಅಂಗಡಿಯ ಇಬ್ಬರು ಕೆಲಸಗಾರರು ಮುಖ ಮುಖ ನೋಡಿಕೊಂಡರು. ಚಿಕ್ಕಮ್ಮ ಸಿಟ್ಟಿನಲ್ಲಿ ಆಡಿದ್ದನ್ನು ಸಮಾಧಾನದಲ್ಲಿ ಮಾಡುವವಳು, ಅದೇ ಅವರ ಹೆದರಿಕೆ.

ಆಸ್ಪತ್ರೆಯ ಕಥೆ ಹೀಗೆ. ಸರ್ಕಾರಿ ಆಸ್ಪತ್ರೆಯ ಮಂಚಗಳು ಎತ್ತರ. ರೋಗಿಗಳು ಹತ್ತಿ ಇಳಿಯಲು ಪಕ್ಕದಲ್ಲಿ ಎರಡು ಮೆಟ್ಟಿಲಿನ ಸ್ಟೂಲು ಇಡುತ್ತಾರೆ. ಹೆರಿಗೆ ವಾರ್ಡಿನ ಸ್ಟೂಲು ಅಲುಗಾಡುತ್ತದೆ ಎಂದು ಅಲ್ಲಿನ ಹೆಡ್ ನರ್ಸು ಅದನ್ನು ರಿಪೇರಿಗೆ ತಂದಿದ್ದರು. ಚಿಕ್ಕಮ್ಮ ಅದನ್ನು ನೆಲಕ್ಕೆ ಇಟ್ಟು, ಒಂದು ಕಾಲಲ್ಲಿ ಮೆಟ್ಟಿ ನೋಡಿದಳು.

"ಸಿಸ್ಟರ್, ಇದರ ಮೇಲೆ ಬಸುರಿ ಹೆಂಗಸರನ್ನ ಹತ್ತಿಸ್ತೀರಾ? ನಾನು ಬೆಕ್ಕನ್ನೂ ಹತ್ತಿಸಲ್ಲ."

"ಸುಮ್ನೆ ಬೈಬೇಡಿ, ಸರಿ ಮಾಡಿಕೊಡಿ."

"ಸರಿ ಮಾಡಲ್ಲ. ಹೊಸದು ಮಾಡ್ತೀನಿ."

ಅಂಗಡಿಯ ಹಿಂದುಗಡೆ ಅವಳ ಹತ್ತಿರ ಒಂದು ಖಜಾನೆ ಇತ್ತು: ಹಳೇ ಬಸ್ಸುಗಳ ಮೆಟ್ಟಿಲಿನ ಕಬ್ಬಿಣದ ಶೀಟು. ಚಿಕ್ಕಪ್ಪನ ಪರಿಚಯದ ಗುಜರಿಯಿಂದ ಬಂದದ್ದು. ಮೇಲ್ಗಡೆ ಪುಟ್ಟ ಪುಟ್ಟ ನಕ್ಷತ್ರದಂಥ ಉಬ್ಬುಗಳು. ಕಾಲು ಜಾರುವುದಿಲ್ಲ, ಚುಚ್ಚುವುದೂ ಇಲ್ಲ. ಆ ಶೀಟು ತಯಾರಿಸುವುದನ್ನು ಕಂಪನಿ ಯಾವತ್ತೋ ನಿಲ್ಲಿಸಿತ್ತು, ಗುಜರಿಯಲ್ಲಿ ಇದ್ದಷ್ಟನ್ನೂ ಇವಳೇ ಹೊತ್ತು ತಂದಿದ್ದಳು. ಅದರಲ್ಲಿ ಸ್ಟೂಲು ಮಾಡಿಕೊಟ್ಟಳು. ಹೆರಿಗೆ ವಾರ್ಡಿನವರು ಕುಣಿದಾಡಿದರು. ಒದ್ದೆ ನೆಲ, ಒದ್ದೆ ಕಾಲು, ಆದರೂ ಒಬ್ಬರೂ ಜಾರಲಿಲ್ಲ. ಉಳಿದ ವಾರ್ಡಿನವರಿಗೆ ಹೊಟ್ಟೆ ಉರಿದು ನಮಗೂ ಬೇಕು, ನಮಗೂ ಬೇಕು ಎಂದರು. ಅಷ್ಟೂ ವಾರ್ಡಿಗೆ ಬೇಕೆಂದರೆ ಟೆಂಡರ್ ಕರೆಯಲೇಬೇಕು.

ಆಸ್ಪತ್ರೆಯ ಇಂಜಿನಿಯರು ಹೊಸಬರು, ಒಳ್ಳೆಯ ಮನುಷ್ಯ. ಇಷ್ಟು ಒಳ್ಳೆಯ ಸ್ಟೂಲು ಇರುವಾಗ ಬೇರೆ ಯೋಚನೆ ಯಾಕೆ ಎಂದುಕೊಂಡು, ಆ ಸ್ಟೂಲನ್ನು ಎದುರಿಗೆ ಇಟ್ಟುಕೊಂಡು, ಅದರ ಅಳತೆ, ಪೈಪು, ರಬ್ಬರ್ ಬುಡ, ಎಲ್ಲವನ್ನೂ ಶರತ್ತಿಗೆ ಇಳಿಸಿದರು. ಮೆಟ್ಟಿಲಿಗೆ ನಕ್ಷತ್ರದ ಉಬ್ಬುಗಳಿರುವ ಶೀಟೇ ಆಗಬೇಕು ಎಂದೂ ಬರೆದುಬಿಟ್ಟರು.

ಟೆಂಡರ್ ಹೊರಗೆ ಬಿದ್ದ ದಿನ ನಮ್ಮ ಬೀದಿಯಲ್ಲಿ ಗಲಾಟೆಯೋ ಗಲಾಟೆ. ನಕ್ಷತ್ರದ ಶೀಟು ಎಲ್ಲಿ ಸಿಗುತ್ತದೆ? ಕಬ್ಬಿಣದ ಅಂಗಡಿಯವರು ಚೌಕದ್ದಿದೆ, ಗೆರೆಯದ್ದಿದೆ, ನಕ್ಷತ್ರ ಬೇಕಾದರೆ ಮೇಲೆ ನೋಡಿ ಎಂದು ಆಕಾಶ ತೋರಿಸಿ ನಕ್ಕರು. ಒಬ್ಬನಂತೂ ನಯವಾದ ಶೀಟಿನ ಮೇಲೆ ಉಳಿಯಲ್ಲಿ ನಕ್ಷತ್ರ ಕೊರೆಯಲು ಹೋಗಿ ಹೆಬ್ಬೆರಳು ಜಜ್ಜಿಕೊಂಡ.

ಚಿಕ್ಕಮ್ಮ ಶರತ್ತು ಓದಿದಳು. ಮತ್ತೊಮ್ಮೆ ಓದಿದಳು. ಹಿಂದುಗಡೆ ಹೋಗಿ ಶೀಟಿನ ರಾಶಿಯನ್ನು ನೋಡಿ ಬಂದಳು. ಸವೆದ ಜಾಗ ಬಿಟ್ಟರೂ ಟೆಂಡರಿಗೆ ಸರಿಯಾಗಿ ಸಾಲುವಷ್ಟಿತ್ತು. ಅವಳ ಮುಖದಲ್ಲಿ ಒಂದು ನಗು ಬಂತು ನೋಡಿ, ಅಂಥ ನಗುವನ್ನು ಅವಳ ಮದುವೆ ಫೋಟೋದಲ್ಲೂ ಯಾರೂ ಕಂಡಿಲ್ಲ.

ಅದೇ ಸಂಜೆ ಗಡ್ಡ ಬಂದ. ಗಡ್ಡ ಎಂದರೆ ಚಿಕ್ಕಮ್ಮನ ಹತ್ತಿರವೇ ಕೆಲಸ ಕಲಿತು, ಈಗ ಎದುರು ಸಾಲಿನಲ್ಲಿ ಸ್ವಂತ ಅಂಗಡಿ ಇಟ್ಟವನು. ಕಿಡಿ ಹಾರಿ ಗಡ್ಡ ಅಲ್ಲಲ್ಲಿ ಸುಟ್ಟಿರುತ್ತದೆ, ಆದರೂ ಬೋಳಿಸುವುದಿಲ್ಲ.

"ಅಕ್ಕಾ, ನಿಮ್ಮ ಹಿತ್ತಲಿನ ಶೀಟಲ್ಲಿ ಸ್ವಲ್ಪ ಕೊಡಿ. ನಾನೂ ಟೆಂಡರ್ ಹಾಕ್ತೀನಿ."

"ಆಹಾ! ನನ್ನ ಶೀಟು ತಗೊಂಡು ನನ್ನ ಮೇಲೇ ಹಾಕ್ತೀಯಾ? ಜಾಣ ನೀನು."

"ಬಿಟ್ಟಿ ಕೊಡಿ ಅಂದ್ನಾ? ದುಡ್ಡಿಗೆ ಕೇಳ್ತಿದೀನಿ."

"ಇಲ್ಲ ಹೋಗೋ. ಇರೋದು ನನಗೇ ಸಾಲಲ್ಲ."

ಗಡ್ಡ ಎದ್ದ. ಶಟರಿಗೆ ತಲೆ ತಗ್ಗಿಸಿ ಹೊರಗೆ ಹೋದವನು ಮತ್ತೆ ತಗ್ಗಿಸಿ ಒಳಗೆ ಇಣುಕಿದ. "ಅಕ್ಕಾ, ಬೇಜಾರು ಮಾಡ್ಕೋಬೇಡಿ. ಈ ಸಲ ಅಂಗಿ ನಿಮ್ಮ ಅಳತೆಗೆ ಹೊಲಿಸಿದ್ದಾರೆ. ಚೆನ್ನಾಗಿ ಕಾಣುತ್ತೆ, ಹಾಕ್ಕೊಳ್ಳಿ."

ಅಷ್ಟೇ. ಹೊರಟುಹೋದ.

ಚಿಕ್ಕಮ್ಮನ ನಗು ಎಲ್ಲಿಗೆ ಹೋಯಿತೋ! ಮನೆಗೆ ಬಂದು ಬಾಗಿಲನ್ನು ದಢಾರೆಂದು ಹಾಕಿದಳು. ತಟ್ಟೆ ಮುಂದೆ ಕೂತು ಅನ್ನವನ್ನು ಕಲಸಿದಳು, ಕಲಸಿದಳು, ಬಾಯಿಗೆ ಇಡಲಿಲ್ಲ. ಚಿಕ್ಕಪ್ಪ ಜೀವಮಾನದಲ್ಲಿ ಹಾರ್ನ್ ಕೂಡ ಜೋರಾಗಿ ಹೊಡೆಯದ ಮನುಷ್ಯ, ಮೆಲ್ಲಗೆ ಕೇಳಿದ.

"ಏನಾಯ್ತೇ?"

"ಅವನು ನನಗೆ ಅಂಗಿ ಕಥೆ ಹೇಳ್ತಾನೆ ರೀ. ನನಗೆ!"

ವಿಷಯ ಕೇಳಿಸಿಕೊಂಡು ಚಿಕ್ಕಪ್ಪ ಹೇಳಿದ, "ನೀನೇನು ಮೋಸ ಮಾಡಿಲ್ವಲ್ಲ. ಬರೀರಿ ಅಂತ ಹೋಗಿ ಕೇಳಿಲ್ಲ, ಟೀ ಕೂಡ ಕುಡಿಸಿಲ್ಲ. ಅವರಾಗಿ ಬರೆದಿದ್ದಾರೆ. ಇಷ್ಟು ವರ್ಷ ನಿನಗೆ ಅನ್ಯಾಯ ಆಯ್ತು, ಒಂದು ಸಲ ನಿನ್ನ ಕಡೆಗೆ ತಿರುಗಿದೆ. ತಗೋ, ಅಂಗಡಿ ಉಳಿಯುತ್ತೆ."

ಅವನ ಮಾತಿನಲ್ಲಿ ತಪ್ಪೇನಿದೆ ಹೇಳಿ? ಆಗ ಅಲ್ಲೇ ಇದ್ದ ನಮ್ಮ ಅಮ್ಮನೂ ಅದನ್ನೇ ಹೇಳಿದಳು. ಚಿಕ್ಕಮ್ಮನೂ ಹೌದು ಹೌದು ಎಂದು ತಲೆ ಆಡಿಸಿದಳು. ಆಮೇಲೆ ತಟ್ಟೆ ಸರಿಸಿ ಹೇಳಿದಳು, "ಎಲ್ಲಾ ಸರಿ ರೀ. ಆದ್ರೆ ಇದನ್ನ ತಗೊಂಡ ಮೇಲೆ ನಾನು ಯಾವ ಆಫೀಸಿಗೆ ಹೋಗಿ ಬಾಯಿ ಮಾಡ್ಲಿ? ಲಾರಿ ಅಂಗಳದವರ ಎದುರಿಗೆ ಹೇಗೆ ನಿಂತ್ಕೊಳ್ಲಿ? ಅವರೂ ಇದನ್ನೇ ಹೇಳ್ತಾರೆ, ನಾವು ಕೇಳಲಿಲ್ಲ, ಅವರಾಗಿ ಬರೆದ್ರು ಅಂತ."

ಚಿಕ್ಕಪ್ಪ ತಟ್ಟೆಯನ್ನು ಮತ್ತೆ ಅವಳ ಮುಂದಕ್ಕೆ ಸರಿಸಿದ. "ಊಟನಾದ್ರೂ ಮಾಡು, ತಕರಾರಿಗೆ ಶಕ್ತಿ ಬೇಕಲ್ಲ" ಎಂದ.

ಟೆಂಡರ್ ಹಾಕುವ ಮೊದಲು ಒಂದು ಸಭೆ ಇರುತ್ತದೆ. ಶರತ್ತಿನ ಬಗ್ಗೆ ಯಾರಿಗಾದರೂ ಸಂಶಯ ಇದ್ದರೆ ಕೇಳಬಹುದು. ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ಉದ್ದನೆಯ ಕೋಣೆ, ಒಂದು ಕಡೆ ಮುರಿದ ಗಾಲಿಕುರ್ಚಿಗಳ ಗುಂಪು, ಇನ್ನೊಂದು ಕಡೆ ವೆಲ್ಡರ್‌ಗಳ ಗುಂಪು. ಚಿಕ್ಕಮ್ಮನನ್ನು ಸ್ಕೂಟರಿನಲ್ಲಿ ಕರೆದುಕೊಂಡು ಹೋದದ್ದು ನಾನೇ, ಹಾಗಾಗಿ ಎಲ್ಲ ಕಣ್ಣಾರೆ ಕಂಡದ್ದು. ದಾರಿಯುದ್ದಕ್ಕೂ ಅವಳು ಒಂದು ಮಾತೂ ಆಡಲಿಲ್ಲ. ಅವಳು ಮಾತಾಡದಿದ್ದರೆ ಸ್ಕೂಟರೇ ಕೆಟ್ಟಿದೆಯೇನೋ ಅನ್ನಿಸುತ್ತದೆ.

ಇಂಜಿನಿಯರು ಶರತ್ತು ಓದಿ ಮುಗಿಸಿ, "ಯಾರಿಗಾದರೂ ಏನಾದರೂ ಕೇಳೋದಿದೆಯಾ?" ಎಂದರು.

ಚಿಕ್ಕಮ್ಮ ಎದ್ದು ನಿಂತಳು. "ತಕರಾರಿದೆ."

ಕೋಣೆ ಪೂರ್ತಿ ನಗು. ಇಂಜಿನಿಯರೂ ನಕ್ಕರು. "ಅಕ್ಕಾ, ನಿಮ್ಮ ಬಗ್ಗೆ ಕೇಳಿದ್ದೆ. ಆದ್ರೆ ಇದು ನಿಮ್ಮದೇ ಸ್ಟೂಲು. ಇದಕ್ಕೇನು ತಕರಾರು?"

"ನಂದೇ ಸ್ಟೂಲು ಅನ್ನೋದೇ ತಕರಾರು."

ನಗು ನಿಂತಿತು.

"ಸಾರ್, ನೀವು ಬರೆದಿರೋ ನಕ್ಷತ್ರದ ಶೀಟು ಈ ಊರಲ್ಲಿ ನನ್ನೊಬ್ಬಳ ಹತ್ತಿರ ಇದೆ. ಬೇರೆಯವರು ತಲೆ ಕೆಳಗೆ ಮಾಡಿ ನಿಂತ್ರೂ ಸಿಗಲ್ಲ. ಇಲ್ಲಿ ಇಷ್ಟು ಜನ ಕೂತಿದ್ದಾರಲ್ಲ, ಎಲ್ಲಾ ದಂಡಕ್ಕೆ ಕೂತಿದ್ದಾರೆ. ನಾನು ಎಷ್ಟು ರೇಟು ಬರೆದ್ರೂ ನೀವು ಕೊಡಲೇಬೇಕು. ಅದು ಟೆಂಡರಾ?"

ಗಡ್ಡ ಮೂಲೆಯಲ್ಲಿ ಕೂತಿದ್ದವನು ನೆಟ್ಟಗಾದ. ಇಂಜಿನಿಯರು ಕನ್ನಡಕ ತೆಗೆದು ಒರೆಸಿಕೊಂಡರು.

"ನಾನು ಚೆನ್ನಾಗಿರೋದನ್ನ ಇದ್ದ ಹಾಗೆ ಬರೆದೆ ಅಕ್ಕಾ. ನಕ್ಷತ್ರ ತೆಗೆದುಬಿಟ್ರೆ ನಾಳೆ ಯಾರೋ ಒಬ್ಬರು ಕನ್ನಡಿ ಥರ ನುಣ್ಣಗಿರೋ ಶೀಟು ಹಾಕಿ ತರ್ತಾರೆ. ರೋಗಿ ಬಿದ್ರೆ ನೀವು ಬಂದು ಎತ್ತುತ್ತೀರಾ?"

ಚಿಕ್ಕಮ್ಮ ತಿರುಗಿ ನೋಡಿದಳು. ಬಾಗಿಲ ಹತ್ತಿರ ನಿಂತಿದ್ದ ಹೆಡ್ ನರ್ಸು ಆಗ ಮಾತಾಡಿದರು.

"ಸಾರ್, ನಮಗೆ ನಕ್ಷತ್ರ ಬೇಡ, ಚಂದ್ರ ಬೇಡ. ಒದ್ದೆ ಕಾಲಿಟ್ರೆ ಜಾರಬಾರದು, ಅಷ್ಟೇ."

ಇಂಜಿನಿಯರು ಪೆನ್ನು ಎತ್ತಿ ನಕ್ಷತ್ರದ ಸಾಲನ್ನು ಹೊಡೆದುಹಾಕಿದರು. "ಹಾಗಾದ್ರೆ ಹಾಗೇ ಬರೀತೀನಿ. ಯಾವ ಶೀಟಾದ್ರೂ ಆಗಲಿ, ಒದ್ದೆ ಕಾಲು ಜಾರಬಾರದು, ಚುಚ್ಚಬಾರದು. ಎಲ್ಲರೂ ಒಂದೊಂದು ಸ್ಟೂಲು ತನ್ನಿ. ಎಲ್ಲರ ಎದುರಿಗೇ ಸೋಪಿನ ನೀರು ಹಾಕಿ ಹತ್ತಿಸಿ ನೋಡೋಣ. ಪಾಸಾದವರ ಲಕೋಟೆ ಮಾತ್ರ ಒಡೆಯೋದು." ಅವರಿಗೆ ಎಷ್ಟು ಖುಷಿಯಾಗಿತ್ತೆಂದರೆ, ತಾವೇ ಸ್ಟೂಲು ಮಾಡಿದಷ್ಟು.

ಹೊರಗೆ ಮೆಟ್ಟಿಲು ಇಳಿಯುವಾಗ ಗಡ್ಡ ಹಿಂದಿನಿಂದ ಓಡಿ ಬಂದ. "ಅಕ್ಕಾ..." ಎಂದು ಏನೋ ಹೇಳಲು ಹೊರಟ.

"ಬಾಯಿ ಮುಚ್ಕೊಂಡು ಹೋಗಿ ಸ್ಟೂಲು ಮಾಡು. ಅಲುಗಾಡಿತು ಅಂದ್ರೆ ನಾನೇ ಮುರೀತೀನಿ" ಎಂದಳು.

ಪರೀಕ್ಷೆಯ ದಿನ ಆಸ್ಪತ್ರೆಯ ಹಿಂದೆ, ಬಟ್ಟೆ ಒಗೆಯುವ ಕಲ್ಲುಗಳ ಹತ್ತಿರ ಸ್ಟೂಲುಗಳು ಸಾಲಾಗಿ ನಿಂತವು. ಹತ್ತಿ ತೋರಿಸುವ ಕೆಲಸ ವಾರ್ಡಿನ ಅಟೆಂಡರ್‌ದು. ಅವನನ್ನು ಎಲ್ಲರೂ ಪೈಲ್ವಾನ ಎನ್ನುತ್ತಾರೆ, ಅವನು ಕೂತರೆ ಬೆಂಚಿನ ಇನ್ನೊಂದು ತುದಿ ಏಳುತ್ತದೆ. ಪ್ಯಾಂಟು ಮಡಚಿ, ಸೋಪಿನ ನೀರಲ್ಲಿ ಕಾಲು ಅದ್ದಿ, ಹೆಡ್ ನರ್ಸಿನ ಕೈ ಹಿಡಿದು ಮೊದಲ ಸ್ಟೂಲು ಹತ್ತಿದ. ಅದು ಲಾರಿ ಅಂಗಳದವರದು, ಫಳಫಳ ಹೊಳೆಯುತ್ತಿತ್ತು. ಪೈಲ್ವಾನನ ಕಾಲು ಸುಂಯ್ ಎಂದು ಮುಂದೆ ಹೋಯಿತು, ಪೈಲ್ವಾನ ಹಿಂದೆ ಬಂದ, ಹಿಂದೆ ನಿಂತಿದ್ದ ಇಂಜಿನಿಯರನ್ನು ತಬ್ಬಿಕೊಂಡ.

"ಸಾರ್, ಇದು ಫೇಲು ಅಂತ ಬರ್ಕೊಳ್ಳಿ" ಎಂದ, ಅವರ ಕುತ್ತಿಗೆ ಬಿಡದೆ.

"ಮೊದಲು ಇಳಿಯಪ್ಪಾ" ಎಂದರು ಇಂಜಿನಿಯರು, ಇದ್ದಬದ್ದ ಉಸಿರಲ್ಲಿ.

ಒಂದು ಸ್ಟೂಲು ಅಲುಗಾಡಿತು, ಒಂದು ಚುಚ್ಚಿತು. ಚಿಕ್ಕಮ್ಮನದು ಬಂಡೆಯ ಹಾಗೆ ನಿಂತಿತು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸುತ್ತ ನೋಡಿದಳು, ಇನ್ನೇನು ಚಪ್ಪಾಳೆ ಬರಲಿ ಎಂಬಂತೆ. ಕೊನೆಗೆ ಗಡ್ಡನದು. ಸಾದಾ ತೆಳು ಶೀಟು. ಅದರ ಮೇಲೆ ವೆಲ್ಡಿಂಗಿನಲ್ಲೇ ಸಣ್ಣ ಸಣ್ಣ ಗೆರೆಗಳನ್ನು ಎಳೆದು, ತುದಿಯನ್ನೆಲ್ಲ ಉಜ್ಜಿ ಮೊಂಡು ಮಾಡಿದ್ದ. ಪೈಲ್ವಾನ ಹತ್ತಿದ, ಇಳಿದ, ಮತ್ತೆ ಹತ್ತಿದ. ಮೇಲೆ ನಿಂತು ಸೊಂಟ ಕುಣಿಸಿಯೂ ನೋಡಿದ. ಕಾಲು ಕದಲಲಿಲ್ಲ.

ಪಾಸಾದದ್ದು ಇವೆರಡೇ. ಲಕೋಟೆ ಒಡೆದರು. ಗಡ್ಡನ ರೇಟು ಕಡಿಮೆ ಇತ್ತು. ಬಹಳ ಅಲ್ಲ, ಆದರೆ ಕಡಿಮೆ.

ಎಲ್ಲರೂ ಚಿಕ್ಕಮ್ಮನನ್ನೇ ನೋಡುತ್ತಿದ್ದರು, ಈಗ ತಕರಾರು ಬರುತ್ತದೆ ಎಂದು. ಅವಳು ಗಡ್ಡನ ಸ್ಟೂಲನ್ನು ಎತ್ತಿ ಬೋರಲು ಹಾಕಿದಳು. ಮೂಲೆ ಮೂಲೆ ತಡವಿದಳು, ಬೆರಳಲ್ಲಿ ತಟ್ಟಿದಳು, ಒಂದು ಕಣ್ಣು ಮುಚ್ಚಿ ಶೀಟು ಬಾಗಿದೆಯಾ ನೋಡಿದಳು. ಅಷ್ಟು ವೆಲ್ಡಿಂಗ್ ಬಿದ್ದರೆ ತೆಳು ಶೀಟು ಹಪ್ಪಳದ ಹಾಗೆ ಬಾಗಬೇಕು. ಇದು ನೆಟ್ಟಗಿತ್ತು.

"ಬಾಗಿಲ್ಲ" ಎಂದಳು. "ಕಳ್ಳ, ಚೆನ್ನಾಗಿ ಮಾಡಿದ್ದಾನೆ." ಸ್ಟೂಲನ್ನು ನೆಲಕ್ಕಿಟ್ಟು ಹೊರಟೇಬಿಟ್ಟಳು.

ಇಂಜಿನಿಯರು ಹಿಂದೆಯೇ ಕೂಗಿದರು. "ಅಕ್ಕಾ, ನಿಂತ್ಕೊಳ್ಳಿ! ಈ ಟೆಂಡರಲ್ಲಿ ಸಣ್ಣ ಅಂಗಡಿಯವರಿಗೆ ಒಂದು ಅನುಕೂಲ ಇದೆ. ಎರಡನೆಯವರು ಮೊದಲನೆಯವರ ರೇಟಿಗೆ ಒಪ್ಪಿದ್ರೆ ಮೂರರಲ್ಲಿ ಒಂದು ಪಾಲು ಅವರಿಗೆ ಕೊಡಬೇಕು ಅಂತ ಶರತ್ತಲ್ಲೇ ಇದೆ. ಓದಿಲ್ವಾ?"

ಓದಿರಲಿಲ್ಲ! ಎರಡು ಸಲ ಓದಿದ್ದೂ ನಕ್ಷತ್ರದ ಸಾಲಿನವರೆಗೇ, ಮುಂದಕ್ಕೆ ಹೋಗಿಯೇ ಇರಲಿಲ್ಲ ಮಹಾತಾಯಿ, ಸಭೆಯಲ್ಲಿ ಓದಿದಾಗಲೂ ತಲೆಯಲ್ಲಿ ತಕರಾರೇ.

"ಅವನ ರೇಟಿಗಾ?" ಎಂದಳು, ಮೂಗು ಮುರಿದು. "ಯೋಚನೆ ಮಾಡಿ ಹೇಳ್ತೀನಿ."

ಮನೆಯಲ್ಲಿ ಚಿಕ್ಕಪ್ಪ ಬಾಗಿಲಲ್ಲೇ ಕಾಯುತ್ತಿದ್ದ. "ಏನಾಯ್ತು?"

"ಸೋತೆ ರೀ." ಚಪ್ಪಲಿ ಬಿಚ್ಚುತ್ತಾ ಹೇಳಿದಳು. "ಆದ್ರೆ ಸರಿಯಾಗಿ ಸೋತೆ. ಇಷ್ಟು ವರ್ಷ ಆಟಕ್ಕೇ ಸೇರಿಸಿಕೊಳ್ತಿರಲಿಲ್ಲ, ಅದು ಸೋಲೂ ಅಲ್ಲ, ಗೆಲುವೂ ಅಲ್ಲ. ಇವತ್ತು ಯಾತಕ್ಕೆ ಸೋತೆ ಅಂತ ಗೊತ್ತು."

"ಮತ್ತೆ ಆ ಫ್ಯಾನು?"

"ಮೂರರಲ್ಲಿ ಒಂದು ಪಾಲು ಇದೆಯಂತೆ. ಗಡ್ಡನ ರೇಟಿಗೆ. ನನ್ನ ಶೀಟಲ್ಲಿ ಆ ರೇಟಿಗೆ ಆಗಲ್ಲ. ಸವೆದಿರೋ ಜಾಗ ಬಿಟ್ಟು ಬಿಟ್ಟು ಕತ್ತರಿಸಬೇಕು, ಅರ್ಧ ವೇಸ್ಟು, ಕೂಲಿನೂ ಜಾಸ್ತಿ. ಅವನ ಥರ ಮಾಡಿದ್ರೆ ಆಗುತ್ತೆ."

"ಹಾಗಾದ್ರೆ ಅವನ ಥರ ಮಾಡು."

"ಅದು ಬರಬೇಕಲ್ಲ ನನಗೆ!"

ಈ ಮಾತು ಅವಳ ಬಾಯಿಂದ ಬಂದದ್ದನ್ನು ಕೇಳಿ ಚಿಕ್ಕಪ್ಪ ಹಿಡಿದಿದ್ದ ನೀರಿನ ಲೋಟ ಕೆಳಗಿಟ್ಟ.

ಮರುದಿನ ಬೆಳಿಗ್ಗೆ ಎದುರು ಸಾಲಿನಿಂದ ಗಡ್ಡನೇ ದಾಟಿ ಬಂದ. ಕೈಯಲ್ಲಿ ಒಂದು ತೆಳು ಶೀಟು. ಬಂದವನು ಕೂರಲಿಲ್ಲ.

"ಅಕ್ಕಾ, ನನ್ನೊಬ್ಬನ ಅಂಗಡೀಲಿ ಅಷ್ಟೂ ಬೇಗ ಆಗಲ್ಲ, ನೀವು ಪಾಲು ತಗೊಂಡ್ರೆ ನನಗೂ ಉಸಿರಾಡೋಕೆ ಆಗುತ್ತೆ. ಗೆರೆ ಎಳೆಯೋದು ತೋರಿಸ್ಲಾ?"

"ಗೆರೆ ಎಳೆಯೋದು ನಿನಗೆ ಕಲಿಸಿದ್ದೇ ನಾನು."

"ಎಳೆಯೋದು ನೀವು ಕಲಿಸಿದ್ರಿ. ನಿಲ್ಲಿಸೋದು ನಾನು ಕಲಿತೆ."

ಇಬ್ಬರು ಕೆಲಸಗಾರರೂ ಎರಡು ಹೆಜ್ಜೆ ಹಿಂದೆ ಸರಿದರು. ಸುತ್ತಿಗೆ ಹಾರುತ್ತದೆ ಎಂದುಕೊಂಡರೋ ಏನೋ. ಚಿಕ್ಕಮ್ಮ ಒಂದು ಕ್ಷಣ ಅವನನ್ನು ದುರುಗುಟ್ಟಿ ನೋಡಿದಳು. ಆಮೇಲೆ ಫೋನ್ ತೆಗೆದು ಗ್ರಿಲ್ ಕಂಪನಿಗೆ ಹಚ್ಚಿ, "ಬರೋಕಾಗಲ್ಲ ಸಾರ್, ಕೆಲಸ ಇದೆ. ಹಾಂ? ಫ್ಯಾನ್ ಗಾಳಿ ನನಗೆ ಒಗ್ಗಲ್ಲ" ಎಂದು ಕತ್ತರಿಸಿ, ಮುಖಕ್ಕೆ ಮಾಸ್ಕ್ ಇಳಿಸಿಕೊಂಡಳು.

"ತೋರಿಸು."

ಅವನ ಗುಟ್ಟು ಬಹಳ ಸಣ್ಣದು. ಒಂದು ಗಿಡ್ಡ ಗೆರೆ ಈ ಮೂಲೆಯಲ್ಲಿ, ಮುಂದಿನದು ಆ ಮೂಲೆಯಲ್ಲಿ. ಮಧ್ಯದ್ದನ್ನು ಎಳೆಯುವ ಮೊದಲು ಶೀಟು ಆರಬೇಕು. ಬಿಸಿ ಒಂದೇ ಕಡೆ ಸೇರದಿದ್ದರೆ ಶೀಟು ಬಾಗುವುದಿಲ್ಲ. ಕೇಳಲು ಇಷ್ಟೇ. ಮಾಡುವವಳು ನಮ್ಮ ಚಿಕ್ಕಮ್ಮ! ಕಿಡಿ ಚಿಮ್ಮಿತು. ಒಂದು ಗೆರೆ, ಇನ್ನೊಂದು ಗೆರೆ, ಮಧ್ಯಕ್ಕೆ ಕೈ ಹೋಯಿತು.

"ಅಕ್ಕಾ, ಕಾಯಿರಿ."

"ಕಾದಿದ್ದು ಸಾಕು."

"ಶೀಟು ನಿಮ್ಮ ಮಾತು ಕೇಳಲ್ಲ ಅಕ್ಕಾ, ಅದು ಆಫೀಸಿನೋರಿಗಿಂತ ಹಟ. ಇನ್ನೂ ಬಿಸಿ ಇದೆ. ಕಾಯಿರಿ."

ಅವಳು ಮಾಸ್ಕ್ ಎತ್ತಿದಳು. ಬೆವರು ಮೂಗಿನ ತುದಿಯಲ್ಲಿ ತೊಟ್ಟಿಕ್ಕುತ್ತಿತ್ತು. ಗಡ್ಡ ಅವಳನ್ನು ನೋಡಲಿಲ್ಲ, ಶೀಟನ್ನೇ ನೋಡುತ್ತಿದ್ದ. ಅವಳೂ ಒಂದು ಡಬ್ಬ ಎಳೆದುಕೊಂಡು ಅವನ ಪಕ್ಕ ಕೂತಳು, ಕೈ ಮಡಿಲಲ್ಲಿಟ್ಟುಕೊಂಡು, ಶೀಟು ಆರುವುದನ್ನು ನೋಡುತ್ತಾ.